ಪರದೇಶದ ಇಗರ್ಜಿಯಲ್ಲಿ ಒಂದು ಗಂಟೆ: ಊರಿನಿಂದ ಹೊರಟವರಿಗೆ

ರಜೆಗೆ ಉಡುಪಿ ಬಳಿಯ ಕಲ್ಯಾಣಪುರದ ಮನೆಗೆ ಬಂದ ಎರಡನೆಯ ದಿನವೇ ನಮ್ಮ ಜಗಲಿಯಲ್ಲಿ ಮೂರು ನಾಲ್ಕು ಮಂದಿ ಯುವಕ ಯುವತಿಯರು ತಮ್ಮ ತಾಯಂದಿರೊಂದಿಗೆ ಬಂದು ಕೂರುವುದು ಈಗ ಒಂದು ವಾಡಿಕೆಯಾಗಿಬಿಟ್ಟಿದೆ. ಹೊರಡುವವರು ಕೇಳುವ ಪ್ರಶ್ನೆಗಳು ಕೋಣೆಯ ಬಾಡಿಗೆಯೆಷ್ಟು, ಕುಚ್ಚಲಕ್ಕಿ ಸಿಗುತ್ತದೆಯೇ, ಚಳಿಯ ಕೋಟನ್ನು ಇಲ್ಲಿಂದಲೇ ಒಯ್ಯಬೇಕೇ ಎಂಬಂಥವು. ತಾಯಂದಿರು ಅಷ್ಟು ಹೊತ್ತು ಸುಮ್ಮನಿದ್ದು, ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಮಾತ್ರ, "ಅಲ್ಲಿ ಹತ್ತಿರದಲ್ಲಿ ಇಗರ್ಜಿ ಉಂಟಲ್ಲ?" ಎಂದು ಕೇಳುತ್ತಾರೆ. ಇಗರ್ಜಿ ಉಂಟು. ಆದರೆ ಇಗರ್ಜಿ ಇರುವುದಕ್ಕೂ ಅದು ನಮ್ಮದಾಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಅಂಗಳದಲ್ಲಿ ನಿಂತು ಹೇಳಲಾಗದು. ಆದ್ದರಿಂದ, ಆ ದೂರವನ್ನು ನನಗೆ ಕಡಿಮೆ ಮಾಡಿದ ಒಂದು ಗಂಟೆಯ ಆರಾಧನೆಯ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ನಾನು 2007ರಿಂದ ಅಯರ್ಲೆಂಡ್‌ನಲ್ಲಿ ನರ್ಸ್ ಕೆಲಸದಲ್ಲಿದ್ದೇನೆ. ಅಲ್ಲಿಗೆ ಹೋದ ಮೊದಲ ಭಾನುವಾರ ಬಲಿಪೂಜೆಗೆ ಹೋದಾಗ, ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಪೂಜೆಯೇ ನನಗೆ ಅಪರಿಚಿತವಾಗಿ ಕಂಡಿತು. ಫಾದರ್ ಆಡಿದ ಇಂಗ್ಲಿಷ್ ನಾನು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಆಗಿರಲಿಲ್ಲ, ಜನ ಉತ್ತರಗಳನ್ನು ಹೇಳುವ ವೇಗ ನನ್ನ ನಾಲಿಗೆಗೆ ಬರಲಿಲ್ಲ, ಹಾಡುವವರು ಇಬ್ಬರೇ ಇದ್ದರು, ಪೂಜೆ ಮುಗಿದು ನಾನು ತಲೆ ಎತ್ತುವಷ್ಟರಲ್ಲಿ ಅರ್ಧ ಇಗರ್ಜಿ ಖಾಲಿಯಾಗಿತ್ತು. ಊರಿನಲ್ಲಿ ಪೂಜೆಯ ಬಳಿಕ ಅಂಗಳದಲ್ಲಿ ನಡೆಯುವ ಆ ಇನ್ನೊಂದು ಪೂಜೆ, ಅಂದರೆ ಪಟ್ಟಾಂಗ, ಅಲ್ಲಿಲ್ಲ. ಸುಮಾರು ಮೂರು ತಿಂಗಳು ಒಂದು ಪ್ರವಚನವೂ ನನಗೆ ಪೂರ್ತಿ ತಿಳಿಯಲಿಲ್ಲ. ನಿಮಗೂ ಹೀಗೆಯೇ ಆಗಬಹುದು. ಆಗ ವಿಶ್ವಾಸ ಕುಂದಿತೆಂದು ಹೆದರಬೇಡಿ. ಕಿವಿ ಪಳಗುವ ತನಕ ಇದು ಇದ್ದದ್ದೇ.

ಆ ತಿಂಗಳುಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಪರಮ ಪ್ರಸಾದದ ಆರಾಧನೆ, ಅಂದರೆ ಬಲಿಪೂಜೆಯಲ್ಲಿ ಯೇಸುಸ್ವಾಮಿಯ ಶರೀರವಾಗುತ್ತದೆಂದು ನಾವು ನಂಬುವ ರೊಟ್ಟಿಯನ್ನು ಎದುರಿಗಿರಿಸಿ ಮೌನವಾಗಿ ಪ್ರಾರ್ಥಿಸುವುದು. ಕಾರಣ ಬಹಳ ಸರಳ: ಅಲ್ಲಿ ಯಾರ ಉಚ್ಚಾರಣೆಯೂ ಅರ್ಥವಾಗಬೇಕಾಗಿಲ್ಲ.

ಆರಾಧನೆ ನಮಗೆ ಹೊಸತೇನೂ ಅಲ್ಲ. ಮಂಗಳೂರು ಮತ್ತು ಉಡುಪಿ ಧರ್ಮಪ್ರಾಂತ್ಯಗಳ ಇಗರ್ಜಿಗಳಲ್ಲಿ ವಾರ್ಷಿಕ ಹಬ್ಬಕ್ಕೆ ಮುಂಚಿನ ಭಾನುವಾರ ಕೊಂಪ್ರಿ ಆಯ್ತಾರ್ (ಭ್ರಾತೃತ್ವದ ಭಾನುವಾರ) ಆಚರಿಸಿ, ಫಾದರ್ ಪರಮ ಪ್ರಸಾದವನ್ನು ಎತ್ತಿ ಹಿಡಿದು ಮೇಲ್ಕಟ್ಟಿನ ಅಡಿಯಲ್ಲಿ ನಡೆಯುವಾಗ, ಮೋಂಬತ್ತಿ ಹಿಡಿದು ವಾಳೆಯ (ಇಗರ್ಜಿಯ ವಾರ್ಡಿನ) ಜನರೊಂದಿಗೆ ಸಾಲಿನಲ್ಲಿ ನಡೆದವರು ನಾವು. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಮೆರವಣಿಗೆಯಲ್ಲಿ ನನ್ನ ಗಮನವೆಲ್ಲ ಮೋಂಬತ್ತಿಯ ಮೇಣ ಎದುರಿನವರ ಸೀರೆಗೆ ತಾಗದಂತೆ ನೋಡಿಕೊಳ್ಳುವುದರಲ್ಲಿ, ವಾಳೆಯ ಮುಖ್ಯಸ್ಥರಾದ ಗುರಿಕಾರರು ಸಾಲು ಸರಿ ಮಾಡಿಸುವುದರಲ್ಲಿ, ಬ್ಯಾಂಡಿನವರ ಕಡೆಗೆ ಹೋಗಿಬಿಡುತ್ತಿತ್ತು. ಸಾವಿರ ತಲೆಗಳ ಆಚೆ ದೂರದಲ್ಲಿ ಮಿನುಗಿದ ಅದೇ ಪರಮ ಪ್ರಸಾದವು ಪರದೇಶದ ಸಣ್ಣ ಚಾಪೆಲ್‌ನಲ್ಲಿ ಎರಡು ಮಾರು ಎದುರಿಗೆ, ನಡುವೆ ಯಾರೂ ಇಲ್ಲದೆ, ಹೀಟರಿನ ಸಣ್ಣ ಸದ್ದಿನ ಹೊರತು ಬೇರೆ ಸದ್ದಿಲ್ಲದೆ ಕಂಡಾಗ, ಇಷ್ಟು ವರ್ಷ ಯಾರ ಹಿಂದೆ ನಡೆದೆನೋ ಅವರ ಮುಖವನ್ನು ಅಂದೇ ನೋಡಿದಂತಾಯಿತು.

ಆರಾಧನೆಯನ್ನು ಬಲಿಪೂಜೆಯಿಂದ ಬೇರ್ಪಡಿಸಿ ನೋಡಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಿರಣಗಳ ಆಕಾರದ ಆ ಪಾತ್ರೆಯಲ್ಲಿ, ಅಂದರೆ ಮಾನ್‌ಸ್ಟ್ರನ್ಸ್‌ನಲ್ಲಿ, ಇರುವುದು ಬಲಿಪೂಜೆಯಲ್ಲಿ ಪವಿತ್ರೀಕರಿಸಿದ ಪ್ರಸಾದವೇ. ಅದರೆದುರು ಕೂರುವುದು ಭಾನುವಾರದ ಪ್ರಸಾದ ಸ್ವೀಕಾರವನ್ನು ವಾರದೊಳಕ್ಕೆ ಚಾಚಿಕೊಂಡಂತೆ, ಮುಂದಿನ ಭಾನುವಾರಕ್ಕೆ ಹಸಿವನ್ನು ಬೆಳೆಸಿಕೊಂಡಂತೆ. ಇದೇ ಕಾರಣಕ್ಕೆ ಧರ್ಮಸಭೆಯ ಕಾನೂನು, ಬಲಿಪೂಜೆ ನಡೆಯುವ ಹೊತ್ತಿನಲ್ಲಿ ಅದೇ ಸ್ಥಳದಲ್ಲಿ ಪರಮ ಪ್ರಸಾದವನ್ನು ಆರಾಧನೆಗೆ ಇರಿಸಬಾರದು ಎನ್ನುತ್ತದೆ. ಪರಮ ಪ್ರಸಾದದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಧಿಸಿದವರು 1264ರಲ್ಲಿ ಪೋಪ್ ನಾಲ್ಕನೆಯ ಅರ್ಬನ್. ಆರಾಧನೆಯ ಕೊನೆಯಲ್ಲಿ ಆಶೀರ್ವಾದಕ್ಕೆ ಮೊದಲು ಹಾಡುವ ತಾಂತುಮ್ ಎರ್ಗೊ ಆ ಹಬ್ಬಕ್ಕಾಗಿ ಸಂತ ಥಾಮಸ್ ಅಕ್ವಿನಾಸರು ರಚಿಸಿದ ಲ್ಯಾಟಿನ್ ಸ್ತೋತ್ರದ ಕೊನೆಯ ಎರಡು ಚರಣಗಳು. ನನ್ನ ಅಜ್ಜಿಗೆ ಅದು ಲ್ಯಾಟಿನ್‌ನಲ್ಲಿಯೇ ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಡಬ್ಲಿನ್ ಸಮೀಪದ ಒಂದು ಇಗರ್ಜಿಯಲ್ಲಿ ಅದೇ ರಾಗ ಕೇಳಿದ ದಿನ, ಆ ನಾಡಿನಲ್ಲಿ ಮೊದಲ ಬಾರಿಗೆ ನನ್ನ ಬಾಯಿ ಉಳಿದವರ ಬಾಯಿಯೊಂದಿಗೆ ಸರಿಯಾಗಿ ಕೂಡಿತು.

ಈಗ ಹುಡುಕುವ ದಾರಿ. ಭಾನುವಾರ ಇಗರ್ಜಿಯ ಬಾಗಿಲಲ್ಲಿ ಒಂದು ಅಥವಾ ಎರಡು ಹಾಳೆಯ ವಾರಪತ್ರ ಇರಿಸಿರುತ್ತಾರೆ. ಪೂಜೆಯ ಹೊತ್ತು ನೋಡಿ ಅದನ್ನು ಬಿಸಾಡಬೇಡಿ, ಆರಾಧನೆಯ ದಿನ ಮತ್ತು ಗಂಟೆ ಅದರಲ್ಲೇ ಇರುತ್ತದೆ. ಕೆಲವು ಕಡೆ ಬೆಳಗಿನ ಪೂಜೆ ಮುಗಿದ ಬಳಿಕ ಒಂದೆರಡು ಗಂಟೆ, ಕೆಲವು ಕಡೆ ವಾರಕ್ಕೊಂದು ಸಂಜೆ, ಕೆಲವೇ ಕಡೆ ಹಗಲು ರಾತ್ರಿ ನಿರಂತರವಾಗಿ ನಡೆಯುತ್ತದೆ. ನಿರಂತರ ಆರಾಧನೆ ಇರುವಲ್ಲಿ ರಾತ್ರಿಯ ಹೊತ್ತು ಬಾಗಿಲಿಗೆ ಅಂಕಿಗಳ ಬೀಗವಿರುತ್ತದೆ, ಒಳಗೆ ಒಂದು ದಪ್ಪ ಪುಸ್ತಕ ಇರುತ್ತದೆ, ಅದರಲ್ಲಿ ವಾರದ ಒಂದೊಂದು ಗಂಟೆಯ ಎದುರು ಒಂದೊಂದು ಹೆಸರು. ನನ್ನ ಸಲಹೆ ಏನೆಂದರೆ, ಬಿಡುವಾದಾಗ ಹೋಗುತ್ತೇನೆ ಎಂದು ಇಟ್ಟುಕೊಳ್ಳದೆ, ನಿಮ್ಮ ಕೆಲಸದ ಪಾಳಿ ಗೊತ್ತಾದ ಕೂಡಲೇ ಆ ಪುಸ್ತಕದಲ್ಲಿ ಒಂದು ಗಂಟೆಗೆ ಹೆಸರು ಬರೆಯಿಸಿ. ಪರದೇಶದಲ್ಲಿ ಬಿಡುವು ಎಂಬುದು ತಾನಾಗಿ ಬರುವುದಿಲ್ಲ, ಬಂದರೂ ನಿದ್ದೆಗೆ ಹೋಗುತ್ತದೆ. ಮೇಲಾಗಿ, ಪಟ್ಟಿಯಲ್ಲಿ ಹೆಸರಿರುವವನು ಆ ಧರ್ಮಕೇಂದ್ರಕ್ಕೆ ಬೇಕಾದವನು. ಇಲ್ಲದವನು ಬಂದು ಹೋಗುವವನು.

ಇದನ್ನು ನಾನು ಕಲಿತದ್ದು ಒಂದು ಅವಮಾನದಿಂದ. ಪಟ್ಟಿಗೆ ಸೇರಿ ಎರಡು ತಿಂಗಳಾಗಿರಬೇಕು, ಬೆಳಿಗ್ಗೆ ಆರರಿಂದ ಏಳರವರೆಗಿನ ಗಂಟೆ ನನ್ನದಾಗಿತ್ತು, ಏಳೂವರೆಗೆ ಆಸ್ಪತ್ರೆಯಲ್ಲಿ ಹಾಜರಿರಬೇಕಿತ್ತು. ಒಂದು ದಿನ ಏಳಕ್ಕೆ ಬರಬೇಕಾದವರು ಬರಲಿಲ್ಲ. ಏಳು ಐದು, ಏಳು ಹತ್ತು ಆಯಿತು. ಯಾರನ್ನು ಕರೆಯಬೇಕು ಎಂಬ ಸಂಖ್ಯೆಯೂ ನನ್ನ ಬಳಿ ಇರಲಿಲ್ಲ. ಕೊನೆಗೆ ಮಂಡಿಯೂರಿ, "ಸ್ವಾಮಿ, ಕ್ಷಮಿಸು" ಎಂದು ಕೊಂಕಣಿಯಲ್ಲಿ ಹೇಳಿ, ದೀಪ ಉರಿಯುತ್ತಿದ್ದಂತೆಯೇ ಪರಮ ಪ್ರಸಾದವನ್ನು ಒಂಟಿಯಾಗಿ ಬಿಟ್ಟು ಬಸ್ಸಿಗೆ ಓಡಿದೆ. ಆರಾಧನೆಗೆ ಇರಿಸಿದ ಪರಮ ಪ್ರಸಾದವನ್ನು ಒಂದು ಕ್ಷಣಕ್ಕೂ ಯಾರೂ ಇಲ್ಲದೆ ಬಿಡಬಾರದು ಎಂದು ರೋಮ್ 2004ರ ಸೂಚನೆಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ ಎಂಬುದು ಆಮೇಲೆ ತಿಳಿಯಿತು. ಮರುವಾರ ಹೋಗಿ, ಪಟ್ಟಿ ನೋಡಿಕೊಳ್ಳುತ್ತಿದ್ದ ಎಂಬತ್ತು ದಾಟಿದ ಐರಿಷ್ ಅಜ್ಜಿಯ ಎದುರು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ತಮ್ಮ ಕೈಚೀಲದಿಂದ ಹಳೆಯ ಲಕೋಟೆ ತೆಗೆದು, ಅದರ ಬೆನ್ನಿಗೆ ನನ್ನ ಹಿಂದಿನ ಗಂಟೆಯವರ, ಮುಂದಿನ ಗಂಟೆಯವರ ಮತ್ತು ತಮ್ಮ ಫೋನ್ ಸಂಖ್ಯೆಗಳನ್ನು ನಡುಗುವ ಅಕ್ಷರಗಳಲ್ಲಿ ಬರೆದುಕೊಟ್ಟರು. ಆ ಮೂರು ಸಂಖ್ಯೆಗಳು ಅಯರ್ಲೆಂಡ್‌ನಲ್ಲಿ ಆಸ್ಪತ್ರೆಯ ಹೊರಗೆ ನನಗೆ ದೊರೆತ ಮೊದಲ ಪರಿಚಯಗಳು. ನೀವು ಹೆಸರು ಬರೆಯಿಸುವ ದಿನವೇ ಈ ಸಂಖ್ಯೆಗಳನ್ನು ಕೇಳಿ ಪಡೆಯಿರಿ. ಮುಂದಿನವರು ಬಾರದಿದ್ದರೆ ಏನು ಮಾಡಬೇಕೆಂಬುದನ್ನೂ ಕೇಳಿಕೊಳ್ಳಿ. ಪರಮ ಪ್ರಸಾದವನ್ನು ನೀವಾಗಿಯೇ ಎತ್ತಿ ಒಳಗಿಡಲು ಹೋಗಬೇಡಿ, ಅದಕ್ಕೆ ನೇಮಿಸಲ್ಪಟ್ಟವರಿದ್ದಾರೆ. ಆಶೀರ್ವಾದ ನೀಡುವುದಂತೂ ಧರ್ಮಗುರು ಅಥವಾ ಡೀಕನ್ ಮಾತ್ರ.

ಒಳಗೆ ಹೋದಾಗ ಹೇಗೆ ವಂದಿಸಬೇಕೆಂಬುದು ಹೊಸಬರಿಗೆ ಮುಜುಗರದ ಸಂಗತಿ. ಆರಾಧನೆಯ ಬಗ್ಗೆ ಧರ್ಮಸಭೆ ಹೊರಡಿಸಿದ 1973ರ ವಿಧಿಯ ಪ್ರಕಾರ ಒಂದು ಮಂಡಿಯೂರಿ ವಂದಿಸಿದರೆ ಸಾಕು. ಹಳಬರು ಎರಡೂ ಮಂಡಿಯೂರುತ್ತಾರೆ. ಭಾರತದಲ್ಲಿ ಮಂಡಿಯೂರುವ ಬದಲು ಕೈಮುಗಿದು ಆಳವಾಗಿ ಬಾಗಲು 1969ರಲ್ಲೇ ಒಪ್ಪಿಗೆ ಸಿಕ್ಕಿದೆ, ಆದರೆ ಅಲ್ಲಿನವರಿಗೆ ಅದು ತಿಳಿದಿರಲಿಕ್ಕಿಲ್ಲ. ನೀವು ಬಾಗಿದರೆ ಯಾರೂ ತಡೆಯುವುದಿಲ್ಲವಾದರೂ, ಬೇರೆ ಮನೆಗೆ ಹೋದಾಗ ಆ ಮನೆಯವರಂತೆ ನಡೆದುಕೊಳ್ಳುವುದೇ ಚೆಂದ.

ಒಂದು ಗಂಟೆ ಏನು ಮಾಡುವುದು? ಎಲ್ಲರೂ ಕೇಳುವ ಪ್ರಶ್ನೆ ಇದೇ. ಮೊದಲ ಹತ್ತು ನಿಮಿಷ ನಿಮ್ಮ ತಲೆಯೊಳಗೆ ಬಾಡಿಗೆ, ಮೇಲಧಿಕಾರಿಯ ಮಾತು, ಊರಿಗೆ ಕಳಿಸಬೇಕಾದ ಹಣ ಎಲ್ಲವೂ ಮೀನು ಮಾರ್ಕೆಟಿನಂತೆ ಕೂಗುತ್ತವೆ. ಕೂಗಲಿ, ಅವನ್ನು ಓಡಿಸಲು ಹೋದರೆ ಗಂಟೆ ಅದರಲ್ಲೇ ಮುಗಿಯುತ್ತದೆ. ಒಂದೊಂದನ್ನೇ ಹೆಸರಿಟ್ಟು ಸ್ವಾಮಿಯ ಎದುರು ಇಟ್ಟುಬಿಡಿ. ಆಮೇಲೆ ಕನ್ನಡದ ಅಥವಾ ಕೊಂಕಣಿಯ ಬೈಬಲಿನಿಂದ ಒಂದು ಭಾಗ ಓದಿ, ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯ ಆರಂಭಕ್ಕೆ ಒಳ್ಳೆಯದು. ಆದ್ದರಿಂದ ಊರಿನಿಂದ ಹೊರಡುವಾಗ ಉಪ್ಪಿನಕಾಯಿಯ ಬಾಟಲಿಯೊಂದನ್ನು ಕಡಿಮೆ ಮಾಡಿಯಾದರೂ ನಮ್ಮ ಭಾಷೆಯ ಬೈಬಲನ್ನು ಪೆಟ್ಟಿಗೆಯಲ್ಲಿಡಿ. ಜಪಮಾಲೆ ಮಾಡಬಹುದು, ಆದರೆ ಗಂಟೆಯನ್ನು ತುಂಬಿಸುವುದಕ್ಕಾಗಿ ಒಂದರ ಮೇಲೊಂದು ಪ್ರಾರ್ಥನೆ ಹೇರಬೇಡಿ, ಕೊನೆಯ ಕಾಲು ಗಂಟೆಯಾದರೂ ಸುಮ್ಮನಿರಿ. ನಿದ್ದೆ ಬಂದರೆ? ರಾತ್ರಿ ಪಾಳಿ ಮುಗಿಸಿ ಬಂದ ನನಗೆ ಎಷ್ಟೋ ಸಲ ಬಂದಿದೆ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿ "ಒಂದು ಗಂಟೆಯಾದರೂ ನನ್ನೊಡನೆ ಎಚ್ಚರವಾಗಿರಲಾರಿರಾ" ಎಂದು ಕೇಳಿದ್ದು ನಿದ್ದೆ ಹೋಗಿದ್ದ ಶಿಷ್ಯರನ್ನೇ. ಆದರೂ ಅವರನ್ನು ಬಿಟ್ಟುಬಿಡಲಿಲ್ಲ.

ಇದರಿಂದ ಸಿಗುವ ಫಲವೇನು ಎಂದರೆ, ಅರ್ಧ ಗಂಟೆಯ ಆರಾಧನೆಗೆ ಧರ್ಮಸಭೆಯು ಪಾಪನಿವೇದನೆ, ಪ್ರಸಾದ ಸ್ವೀಕಾರ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಮೊದಲಾದ ಷರತ್ತುಗಳೊಂದಿಗೆ ಪೂರ್ಣ ದಂಡವಿಮೋಚನೆಯನ್ನು, ಅಂದರೆ ಕ್ಷಮೆಯಾದ ಪಾಪಗಳಿಗೆ ಉಳಿದಿರುವ ಶಿಕ್ಷೆಯಿಂದ ಬಿಡುಗಡೆಯನ್ನು, ಕೊಟ್ಟಿದೆ ಎಂದು ಧರ್ಮೋಪದೇಶದ ತರಗತಿಯಂತೆ ಉತ್ತರಿಸಬಹುದು. ಅದು ನಿಜ. ಆದರೆ ನಾನು ಕಂಡ ಫಲ ನಿಧಾನದ್ದು. ಮೊದಲ ವರ್ಷ ನನ್ನ ಪ್ರಾರ್ಥನೆಯೆಲ್ಲ ಕೇಳಿಕೊಳ್ಳುವುದೇ ಆಗಿತ್ತು. ಎರಡನೆಯ ವರ್ಷದ ಹೊತ್ತಿಗೆ ಕೇಳಿಕೊಳ್ಳುವುದು ತಾನಾಗಿ ಕಡಿಮೆಯಾಗಿ, ವಾರವಿಡೀ ಮಾಡಿದ್ದು ಆಡಿದ್ದೆಲ್ಲ ಆ ಬೆಳಕಿನ ಎದುರು ಬಂದು ನಿಲ್ಲತೊಡಗಿತು: ವಾರ್ಡಿನಲ್ಲಿ ಒಬ್ಬ ಮುದುಕನಿಗೆ ಗದರಿದ್ದು, ತಮ್ಮನಿಗೆ ಹಣ ಕಳಿಸುವಾಗ ಚುಚ್ಚಿ ಮಾತಾಡಿದ್ದು. ವರ್ಷಗಟ್ಟಲೆ ಮುಂದೂಡಿದ್ದ ಪಾಪನಿವೇದನೆಗೆ ನಾನು ಹೋದದ್ದು ಅಂಥದೊಂದು ಗಂಟೆಯ ಬಳಿಕ. ಮದರ್ ತೆರೇಸಾರ ಸಭೆಯ ಭಗಿನಿಯರು 1973ರಿಂದ ದಿನಕ್ಕೊಂದು ಗಂಟೆ ಆರಾಧನೆಯನ್ನು ಆರಂಭಿಸಿದರು. ಬಡವರ ಕೆಲಸಕ್ಕೆ ಹೊತ್ತು ಸಾಲದೆ ಒದ್ದಾಡುವವರು ಒಂದು ಗಂಟೆ ಸುಮ್ಮನೆ ಕೂರುವುದೇಕೆ ಎಂದು ಮೊದಲು ನನಗೂ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಒಂದು ತುಂಡು ರೊಟ್ಟಿಯ ರೂಪದಲ್ಲಿ ಸ್ವಾಮಿಯನ್ನು ಗುರುತಿಸಲು ಕಲಿತ ಕಣ್ಣಿಗೆ, ಹಾಸಿಗೆಯಲ್ಲಿ ಮಾತಿಲ್ಲದೆ ಮಲಗಿದವರಲ್ಲಿ ಗುರುತಿಸುವುದು ತುಸು ಸುಲಭವಾಗುತ್ತದೆ.

ಎರಡು ಎಚ್ಚರಿಕೆಗಳು. ವೀಸಾ, ಪರೀಕ್ಷೆ, ಮದುವೆ ಎಂದು ಒಂಬತ್ತು ವಾರದ ಲೆಕ್ಕ ಇಟ್ಟುಕೊಂಡು ಬಂದು, ಕೆಲಸ ಆದ ಕೂಡಲೇ ಗಂಟೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಬೇಡಿಕೊಳ್ಳುವುದು ತಪ್ಪಲ್ಲ, ವ್ಯಾಪಾರ ಮಾಡುವುದು ತಪ್ಪು. ಎರಡನೆಯದನ್ನು ನರ್ಸ್ ಆಗಿ ಹೇಳುತ್ತೇನೆ. ಬಿಸಿಲೇ ಕಾಣದ ಚಳಿಗಾಲದಲ್ಲಿ, ಒಂಟಿತನದಲ್ಲಿ, ಊಟ ಸೇರದೆ ನಿದ್ದೆ ಬಾರದೆ ವಾರಗಟ್ಟಲೆ ಕಳೆದರೆ ಆರಾಧನೆಗೂ ಹೋಗಿ, ಡಾಕ್ಟರರ ಬಳಿಗೂ ಹೋಗಿ. ಒಂದರ ಬದಲಿಗೆ ಇನ್ನೊಂದು ಸಲ್ಲದು.

ಗಲ್ಫ್‌ಗೆ ಹೋಗುವವರಿಗೆ ಲೆಕ್ಕ ಬೇರೆ. ಅಲ್ಲಿ ಇಗರ್ಜಿಗಳು ಕೆಲವೇ, ಜನ ಅಪಾರ, ನಮ್ಮ ಭಾಷೆಯವರೂ ಬೇಗ ಸಿಗುತ್ತಾರೆ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ದುಬಾಯಿಯಲ್ಲಿ 2022ರಿಂದ ಶನಿವಾರ ಮತ್ತು ಭಾನುವಾರ; ಅದಕ್ಕೆ ತಕ್ಕಂತೆ ಪೂಜೆ ಆರಾಧನೆಗಳ ಹೊತ್ತನ್ನು ಆಯಾ ಇಗರ್ಜಿಯಲ್ಲೇ ಕೇಳಿ ತಿಳಿಯಿರಿ. ಅಷ್ಟು ಜನಸಂದಣಿಯ ನಡುವೆ ಅರ್ಧ ಗಂಟೆ ಮೌನ ಸಿಕ್ಕರೆ ಅದನ್ನು ಬಿಡಬೇಡಿ.

ಇನ್ನೊಂದು ಸಂಗತಿ, ಇದು ನನ್ನ ಸ್ವಂತ ಸಂತೋಷಕ್ಕೆ. 2012ರ ಜೂನ್‌ನಲ್ಲಿ ಡಬ್ಲಿನ್‌ನಲ್ಲಿ 50ನೆಯ ಅಂತರರಾಷ್ಟ್ರೀಯ ಪರಮ ಪ್ರಸಾದ ಸಮ್ಮೇಳನ ನಡೆದಾಗ ಕೊನೆಯ ದಿನದ ಬಲಿಪೂಜೆಗೆ ಕ್ರೋಕ್ ಪಾರ್ಕ್ ಕ್ರೀಡಾಂಗಣಕ್ಕೆ ಹೋಗಿದ್ದೆ. ಅದೇ ವರ್ಷ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾಗಿ, ನಾನು ಜ್ಞಾನಸ್ನಾನ ಪಡೆದ ನಮ್ಮ ಮಿಲಾಗ್ರಿಸ್ ಇಗರ್ಜಿ ಕೆಥೆಡ್ರಲ್, ಅಂದರೆ ಬಿಷಪರ ಪ್ರಧಾನ ಇಗರ್ಜಿ, ಆಯಿತು. ಆ ವಾರದ ನನ್ನ ಗಂಟೆಯಲ್ಲಿ ಎರಡು ಊರುಗಳಿಗೂ ಒಟ್ಟಿಗೆ ಕೃತಜ್ಞತೆ ಸಲ್ಲಿಸಿದೆ.

ಊರಿಗೆ ರಜೆಯಲ್ಲಿ ಬರುವಾಗ ನಿಮ್ಮ ಗಂಟೆಗೆ ಬದಲಿಯವರನ್ನು ಗೊತ್ತುಮಾಡಿ ಬರಬೇಕು, ಟಿಕೆಟ್ ಮಾಡಿದ ದಿನವೇ ಪಟ್ಟಿ ನೋಡಿಕೊಳ್ಳುವವರಿಗೆ ಹೇಳಬೇಕು. ಆ ಐರಿಷ್ ಅಜ್ಜಿ ಈಗಿಲ್ಲ. ಪುಸ್ತಕ ನೋಡಿಕೊಳ್ಳುವುದು ಆರು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಈ ರಜೆಯಲ್ಲಿ ನನ್ನ ಗುರುವಾರದ ಗಂಟೆಗೆ ಶಿರ್ವದಿಂದ ಕಳೆದ ವರ್ಷ ಬಂದ ಹುಡುಗಿಯೊಬ್ಬಳು ಕೂರುತ್ತಿದ್ದಾಳೆ. ಬಾಗಿಲಿನ ಅಂಕಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಅವಳಿಗೂ ಒಂದು ಲಕೋಟೆಯ ಬೆನ್ನಿಗೆ ಬರೆದುಕೊಟ್ಟು ಬಂದಿದ್ದೇನೆ, ಕೆಳಗೆ ಮೂರು ಫೋನ್ ಸಂಖ್ಯೆಗಳ ಸಮೇತ.