ಅಲಾಸ್ಕಾದಲ್ಲಿ ಒಂದೇ ರಸ್ತೆ ಹಿಡಿದು ಹೋದೆವು

ಅಲಾಸ್ಕಾಗೆ ಹೊರಟಿದ್ದೇವೆ ಅಂದರೆ ಸಾಕು, "ಕ್ರೂಸಾ? ಡೆನಾಲಿ ಶಿಖರ ನೋಡಲ್ವಾ?" ಅಂತ ಕೇಳುವವರೇ ಎಲ್ಲ. ಎರಡೂ ಬೇಡ ಅಂತ ನನ್ನ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು. ಆಂಕರೇಜ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ದಕ್ಷಿಣಕ್ಕೆ ಸೂವರ್ಡ್ ಎಂಬ ಬಂದರೂರಿನವರೆಗೆ ಹೋಗುವುದು, ಅಷ್ಟೇ. ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ಅದಕ್ಕೇ ಇಡೀ ದಿನ ಕೊಟ್ಟೆವು. ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗುವುದೇ ರಾತ್ರಿ ಹನ್ನೊಂದೂವರೆಯ ಸುಮಾರಿಗೆ. ಕತ್ತಲಾಯ್ತು ಅಂತ ಓಡಬೇಕಾಗಿಲ್ಲ.

ಊರು ದಾಟುತ್ತಲೇ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಟರ್ನಗೇನ್ ಆರ್ಮ್ ಎಂಬ ಕಡಲ ತೋಳು. ಇಳಿತದಲ್ಲಿ ಮೈಲಿಗಟ್ಟಲೆ ಬೂದು ಕೆಸರು. ನೋಡಲು ಗಟ್ಟಿ ನೆಲ, ಆದರೆ ಹಿಮನದಿ ಅರೆದು ತಂದ ಹಿಟ್ಟಿನಂಥ ಹೂಳು ಅದು. ಕಾಲು ಹೂತರೆ ಹೊರಬರುವುದು ಕಷ್ಟ, ಭರತವೋ ಬೇಗ ಏರುತ್ತದೆ. ದಯವಿಟ್ಟು ಫೋಟೋಗೆಂದು ಇಳಿಯಬೇಡಿ. ಪೋರ್ಟೇಜ್ ಹತ್ತಿರ ಬೋಳು ಮರಗಳ ಸಾಲೊಂದು ಸಿಗುತ್ತದೆ. 1964ರ ಭೂಕಂಪದಲ್ಲಿ (9.2 ತೀವ್ರತೆ) ನೆಲ ಕುಸಿದು, ಉಪ್ಪುನೀರು ಬೇರಿಗಿಳಿದು ಸತ್ತ ಮರಗಳು ಇನ್ನೂ ನಿಂತೇ ಇವೆ.

ಅಲ್ಲಿಂದ ವಿಟ್ಟಿಯರ್‌ಗೆ ತಿರುಗಿಕೊಂಡರೆ ನಾಲ್ಕು ಕಿಲೋಮೀಟರಿನ ಸುರಂಗ. ಒಂದೇ ಲೇನು, ಕಾರೂ ಅದರಲ್ಲೇ, ರೈಲೂ ಅದರಲ್ಲೇ. ಹೋಗುವವರಿಗೆ ಗಂಟೆಗೊಮ್ಮೆ, ಬರುವವರಿಗೆ ಗಂಟೆಗೊಮ್ಮೆ ಬಿಡುತ್ತಾರೆ. ಆಚೆಯ ಊರಿನ ಬಹುಪಾಲು ಜನರ ವಾಸ ಹದಿನಾಲ್ಕು ಮಹಡಿಯ ಒಂದೇ ಕಟ್ಟಡದಲ್ಲಿ.

ನಿಜವಾಗಿ ದುಡ್ಡು ಹಾಕಬೇಕಾದ್ದು ಸೂವರ್ಡ್‌ನ ದೋಣಿಗೆ. ಕೀನೈ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಬಹುಭಾಗಕ್ಕೆ ರಸ್ತೆಯೇ ಇಲ್ಲ. ಅಗ್ಗವೆಂದು ಕೊಲ್ಲಿಯೊಳಗಷ್ಟೇ ಸುತ್ತಿಸುವ ಟಿಕೆಟ್ ತಗೋಬೇಡಿ, ಹಿಮನದಿಯವರೆಗೆ ಹೋಗುವ ಆರು ಗಂಟೆಯದನ್ನೇ ತಗೊಳ್ಳಿ. ಕೊಲ್ಲಿಯೊಳಗೆ ನೀರು ಕೆರೆಯಂತಿರುತ್ತದೆ. ಐಯಾಲಿಕ್ ಭೂಶಿರ ಸುತ್ತುವಾಗ ತೆರೆದ ಸಾಗರ ಎತ್ತಿ ಕುಕ್ಕುತ್ತದೆ. ವಾಂತಿ ಮಾತ್ರೆಯನ್ನು ದಡದಲ್ಲೇ ನುಂಗಿ. ದಾರಿಯಲ್ಲಿ ಬೆನ್ನ ಮೇಲೆ ಮಲಗಿ ತೇಲುವ ನೀರುನಾಯಿಗಳು, ಕಾಣುವ ಮೊದಲೇ ಮೂಗಿಗೆ ಬಡಿಯುವ ಕಡಲಸಿಂಹಗಳು, ಹೊಟ್ಟೆಬಿರಿಯ ತಿಂದು ಮೇಲೇಳಲಾರದೆ ನೀರಿನ ಮೇಲೆ ರೆಕ್ಕೆ ಬಡಿಯುತ್ತ ಓಡುವ ಪಫಿನ್ ಎಂಬ ಕಡಲಹಕ್ಕಿಗಳು.

ಹಿಮನದಿಯ ಮುಂದೆ ಎಂಜಿನ್ ನಿಲ್ಲಿಸಿದರು. ನೀಲಿ ಗೋಡೆಯಿಂದ ಒಂದು ಚೂರು ಸದ್ದಿಲ್ಲದೆ ಕಳಚಿತು, ನೀರು ಚಿಮ್ಮಿತು. ಗುಡುಗು ಕೇಳಿಸಿದ್ದು ಆಮೇಲೆ. ಚೂರು ಎಷ್ಟು ದೊಡ್ಡದಿತ್ತೆಂದು ತಿಳಿದದ್ದು ಅಲೆ ಬಂದು ದೋಣಿ ಅಲುಗಿದಾಗಲೇ. ಸಿಬ್ಬಂದಿಯೊಬ್ಬ ಬಲೆಯಲ್ಲಿ ಎತ್ತಿಕೊಟ್ಟ ಮಂಜುಗಡ್ಡೆ ಕೈಯಿಂದ ಕೈಗೆ ಬಂತು. ಕಿವಿಗೆ ಹಿಡಿದರೆ ಚಿಟಪಟ: ಒತ್ತಡದಲ್ಲಿ ಸಿಕ್ಕಿಬಿದ್ದಿದ್ದ ಹಳೆಯ ಗಾಳಿ ಗುಳ್ಳೆಯೊಡೆದು ಹೊರಬೀಳುವ ಸದ್ದು. ನನ್ನವಳು ಬೆರಳು ಮರಗಟ್ಟುವವರೆಗೂ ಅದನ್ನು ಬಿಡಲಿಲ್ಲ.

ಎಕ್ಸಿಟ್ ಹಿಮನದಿಗೆ ಮಾತ್ರ ಕಾರಿನಲ್ಲೇ ಹೋಗಬಹುದು. ಕಾಲುದಾರಿಯುದ್ದಕ್ಕೂ ಇಸವಿಯ ಫಲಕಗಳು: 1917, 1926, 1951. ಆಯಾ ವರ್ಷ ಮಂಜಿನ ಅಂಚು ಅಲ್ಲಿತ್ತು. ಈಗ ಆ ಜಾಗದಲ್ಲೆಲ್ಲ ಪೊದೆ, ಮರ. ಕೊನೆಯ ಫಲಕ ದಾಟಿದ ಮೇಲೂ ಹಿಮ ದೂರದಲ್ಲೇ.

ಊಟದ ವಿಷಯ: ಸೂವರ್ಡ್ ಮೀನೂರು. ನಾವಿಬ್ಬರೂ ಸಸ್ಯಾಹಾರಿಗಳು. ಅಡುಗೆಮನೆ ಇರುವ ಕೋಣೆ ಹಿಡಿದು, ಅಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ದೆವು. ದೋಣಿಯಲ್ಲಿ ಊಟ ಕೊಡುತ್ತಾರಾದರೆ, ನಿಮ್ಮ ಪಥ್ಯವನ್ನು ಬುಕಿಂಗ್ ವೇಳೆಯಲ್ಲೇ ಬರೆಸಿಬಿಡಿ.