ಬ್ಲೋವರ್ ನಡುಕ ನಿಲ್ಲಿಸಿದ ಸ್ಪ್ರಿಂಗ್: ನನ್ನ ಅನುಭವ

ಪೀಣ್ಯದಲ್ಲಿ ನಮ್ಮ ಬಫಿಂಗ್ ಶಾಪ್ ಇರುವುದು ಮೊದಲ ಮಹಡಿಯಲ್ಲಿ. ಧೂಳು ಎಳೆಯುವ ಬ್ಲೋವರ್ 960 ಆರ್‌ಪಿಎಂ, ಅಂದರೆ ನಿಮಿಷಕ್ಕೆ 960 ಸುತ್ತು. ಕೆಳಗೆ ಸರ್ಫೇಸ್ ಗ್ರೈಂಡಿಂಗ್ ಮಾಡುವವರಿದ್ದಾರೆ. ಒಂದು ದಿನ ಅವರು ಒಂದು ಪ್ಲೇಟ್ ತಂದು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದರು. ಬಾಚಣಿಗೆ ಎಳೆದ ಹಾಗೆ ಉದ್ದಕ್ಕೂ ಗೆರೆ. "ಸಾರ್, ನಿಮ್ ಬ್ಲೋವರ್ ಆಫ್ ಇದ್ರೆ ಇದು ಬರಲ್ಲ" ಅಂದರು. ಆಫ್ ಮಾಡಿಸಿ ನೋಡಿದೆ. ನಿಜ, ಬರಲಿಲ್ಲ.

ಮೊದಲು ಬ್ಲೋವರ್ ಒಳಗೆ ತಿರುಗುವ ರೆಕ್ಕೆಚಕ್ರ (ಇಂಪೆಲ್ಲರ್) ಬ್ಯಾಲೆನ್ಸ್ ಮಾಡಿಸಿದೆ. ನಾಲ್ಕು ಸಾವಿರ ಚಿಲ್ಲರೆ ಹೋಯಿತು, ಅಷ್ಟೇನೂ ಫರಕ್ ಬೀಳಲಿಲ್ಲ. ಆಮೇಲೆ ರಬ್ಬರ್ ಪ್ಯಾಡ್ ಹಾಕಿಸಿದೆ, ಆರು ಸಾವಿರ. ನಡುಕ ಮೊದಲಿಗಿಂತ ಜಾಸ್ತಿ ಆಯಿತು! ಪ್ಯಾಡ್ ಭಾರಕ್ಕೆ ಒಂದೂವರೆ ಮಿಮೀ ಇಳಿದಿತ್ತು. 15.8 ಅನ್ನು ಆ ಒಂದೂವರೆಯ ವರ್ಗಮೂಲದಿಂದ ಭಾಗಿಸಿದರೆ, ಯಂತ್ರ ಪ್ಯಾಡ್ ಮೇಲೆ ತನ್ನಷ್ಟಕ್ಕೆ ಅದುರುವ ವೇಗ 13 ಹರ್ಟ್ಜ್, ಅಂದರೆ ಸೆಕೆಂಡಿಗೆ 13 ಸಲ ಬರಬೇಕು. ಆದರೆ ಮೋಟರ್ ಮೇಲೆ ಫೋನ್ ಟೇಪ್ ಮಾಡಿ, ಮರದ ಸುತ್ತಿಗೆಯಲ್ಲಿ ಒಂದೇಟು ಕೊಟ್ಟು, ಅದುರು ಅಳೆಯುವ ಫೈಫಾಕ್ಸ್ ಆಪ್‌ನಲ್ಲಿ ನೋಡಿದರೆ 16. ರಬ್ಬರ್ ಸುಮ್ನೆ ಕೂತಾಗ ಇರುವುದಕ್ಕಿಂತ ಅಲುಗುವಾಗ ಗಟ್ಟಿ. 960 ಅನ್ನು 60ರಿಂದ ಭಾಗಿಸಿ, ಅದೂ 16. ತಿರುಗುವ ವೇಗ, ತಾನೇ ಅದುರುವ ವೇಗ ಎರಡೂ ಒಂದೇ ಆದರೆ ನಡುಕ ಬೆಳೆಯುತ್ತದೆ, ಅದೇ ರೆಸೊನೆನ್ಸ್. ಪ್ಯಾಡ್ ಹಾಕಿಸಿ ನಾನೇ ಅದರ ಮೇಲೆ ತಂದು ಕೂರಿಸಿದ್ದೆ.

ಇದನ್ನು ಸರಿಮಾಡಲು ಹೊರಗಿನವರೊಬ್ಬರು ಅರವತ್ತು ಸಾವಿರ ಕೇಳಿದರು. ನಾನೇ ಮಾಡುತ್ತೇನೆ ಅಂದೆ. ಭಾರಕ್ಕೆ 10 ಮಿಮೀ ಇಳಿಯುವ ಸ್ಪ್ರಿಂಗ್ ಸಿಕ್ಕರೆ ಅದೇ ಲೆಕ್ಕದಲ್ಲಿ 5 ಹರ್ಟ್ಜ್, 16ಕ್ಕಿಂತ ತುಂಬ ಕೆಳಗೆ; ಆಗ ಕೆಳಗೆ ಹೋಗುವ ಅದುರು ಹತ್ತರಲ್ಲಿ ಒಂದು ಪಾಲು. "ಸ್ಪ್ರಿಂಗ್ ಮೇಲೆ ಇಟ್ರೆ ಇನ್ನೂ ಕುಣಿಯಲ್ವಾ?" ಅಂತ ನಮ್ಮ ಫಿಟ್ಟರ್ ಕೇಳಿದ.

ಜಾಲಿ ಮೊಹಲ್ಲಾದ ಗುಜರಿಯಲ್ಲಿ ಹದಿನಾಲ್ಕು ಸ್ಪ್ರಿಂಗ್ ಆರಿಸಿ ತಂದೆ, ಎರಡು ಸಾವಿರದೊಳಗೆ. ಹ್ಯಾಂಡ್ ಪ್ರೆಸ್ ಕೆಳಗೆ ತೂಕದ ಯಂತ್ರ ಇಟ್ಟು, ಒಂದೊಂದನ್ನೂ 10 ಮಿಮೀ ಒತ್ತಿ ಕೆಜಿ ಓದಿದೆವು. ನೂರರ ಆಸುಪಾಸು ಬಂದವು ಐದು. ಅದರಲ್ಲಿ ನಾಲ್ಕು ಬಳಸಿದೆ.

ಆ ಗುಂಗಿನಲ್ಲಿ ಮನೆಯಲ್ಲೂ ಒಂದು ಸಡಿಲ ಸ್ಪ್ರಿಂಗಿಗೆ ಸ್ಪ್ಯಾನರ್ ನೇತುಹಾಕಿ, ಅದು ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಅಂತ ಮಗಳ ಜೊತೆ ಎಣಿಸುತ್ತ ಕೂತೆ. ಲೆಕ್ಕ ಸ್ವಲ್ಪ ತಪ್ಪುತ್ತಲೇ ಇತ್ತು. ಸ್ಪ್ಯಾನರ್ ತೂಕಕ್ಕೆ ಸ್ಪ್ರಿಂಗಿನ ತೂಕದ ಮೂರರಲ್ಲಿ ಒಂದು ಪಾಲು ಸೇರಿಸಿದ ಮೇಲೆ ಕೂಡಿಬಂತು. ಅವಳಿಗಿಂತ ನನಗೇ ಜಾಸ್ತಿ ಖುಷಿ ಆಯಿತು.

ಬ್ಲೋವರ್, ಮೋಟರ್, ಫ್ರೇಮ್ ಎಲ್ಲಾ ಸೇರಿ 180 ಕೆಜಿ ಇತ್ತು. ಫ್ರೇಮ್ ಅಡಿಗೆ 220 ಕೆಜಿ ಕಾಂಕ್ರೀಟ್ ಸುರಿದೆ. ಒಟ್ಟು 400, ಒಂದೊಂದು ಸ್ಪ್ರಿಂಗಿಗೆ ನೂರು. ಕಾಂಕ್ರೀಟ್ ಇಲ್ಲದಿದ್ದರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ 300 ಆರ್‌ಪಿಎಂ (ಅದೇ 5 ಹರ್ಟ್ಜ್) ದಾಟುವ ಮೂರು ನಾಲ್ಕು ಸೆಕೆಂಡ್ ಎಲ್ಲಾ ಕುಣಿಯಿತು. ಎಲ್ಲರೂ ನನ್ನ ಮುಖ ನೋಡಿದರು. ಸ್ಪೀಡ್ ಹಿಡಿದ ಮೇಲೆ ಬೇಸ್ ಮೇಲೆ ಒಂದು ನಾಣ್ಯ ಅಂಚಿನ ಮೇಲೆ ನಿಲ್ಲಿಸಿದೆ, ಬೀಳಲಿಲ್ಲ. ಸ್ಟಾರ್ಟ್ ಮಾಡುವಾಗಿನ ಆ ಕುಣಿತ ಈಗ ಇಲ್ಲ. ಅದನ್ನು ತಡೆಯಲು ಸ್ಪ್ರಿಂಗ್ ಕೂರುವ ಕಪ್ಪಿನೊಳಗೆ ಏನು ತುಂಬಿದೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ.

ಆದರೂ ಕೆಳಗೆ ಗೆರೆ ಪೂರ್ತಿ ಹೋಗಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಬ್ಲೋವರ್‌ನ ತಗಡಿನ ಗಾಳಿ ಕೊಳವೆ (ಡಕ್ಟ್) ಮೇಲೆ ಕೈ ಇಟ್ಟೆ. ಅದುರು ಆ ತಗಡಿನಿಂದ ಗೋಡೆಗೆ ಹೋಗುತ್ತಿತ್ತು. ನಡುವೆ ಒಂದು ಅಡಿ ಕ್ಯಾನ್ವಾಸ್ ಹಾಕಿದೆವು, ಮುನ್ನೂರು ರೂಪಾಯಿ. ಅಲ್ಲಿಗೆ ಗೆರೆ ಹೋಯಿತು.

ಒಟ್ಟು ಹದಿನೆಂಟು ಸಾವಿರ, ದಂಡವಾದ ಪ್ಯಾಡ್ ಸೇರಿ. ಈಗ ಕೆಳಗಿನವರು ತಮ್ಮ ಕಂಪ್ರೆಸರ್‌ಗೂ ಹೀಗೇ ಮಾಡಿಕೊಡಿ ಅನ್ನುತ್ತಿದ್ದಾರೆ. ಅದು 1440 ಆರ್‌ಪಿಎಂ, ಸ್ಪ್ರಿಂಗ್ 5 ಮಿಮೀ ಇಳಿದರೆ ಸಾಕು. ಸ್ಪ್ರಿಂಗ್ ಆಗಲೇ ಎತ್ತಿಟ್ಟಿದ್ದೇನೆ.