ಹಳೇ ಟ್ರ್ಯಾಕ್ಟರಿನ ವೈರಿಂಗ್: ಹೊಸ ಬ್ಯಾಟರಿ ತರುವ ಮೊದಲು ಅರ್ಥ್ ನೋಡಿ

ಹಳೇ ಟ್ರ್ಯಾಕ್ಟರ್ ಸೆಲ್ಫ್ ಹೊಡೆಯಲಿಲ್ಲ ಅಂದ ತಕ್ಷಣ ಹೊಸ ಬ್ಯಾಟರಿ ತರಲು ಓಡುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಬ್ಯಾಟರಿಯದ್ದೂ ಅಲ್ಲ, ಸೆಲ್ಫ್ ಮೋಟಾರಿನದ್ದೂ ಅಲ್ಲ. ಎರಡರ ನಡುವೆ ಕಿಲುಬು ಹಿಡಿದು ಕೂತ ಯಾವುದೋ ಒಂದು ಜಾಯಿಂಟಿನದ್ದು.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸ್ಟಾರ್ಟ್ ಆದ ಮೇಲೆ ಹಳೇ ಗಾಡಿಗೆ ಕರೆಂಟಿನ ಹಂಗೇ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಡೀಸೆಲ್ ತಡೆಯುವ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ಕವಾಟ) ಇರುತ್ತದೆ, ಅದೊಂದು ಬೇರೆ ಮಾತು. ಉಳಿದಂತೆ ನೀವು ಹುಡುಕಬೇಕಾದ ಜಾಗ ಮೂರೇ: ಸೆಲ್ಫ್, ಚಾರ್ಜಿಂಗ್, ಲೈಟು.

ಮೊದಲು ವೋಲ್ಟ್ ಅಳೆಯುವ ಮೀಟರ್ ಹಿಡಿದು ಬ್ಯಾಟರಿ ನೋಡಿ. ಗಾಡಿ ಕೆಲವು ಗಂಟೆ ಸುಮ್ನೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ ಅಂತ ಅರ್ಥ. 12ರ ಹತ್ತಿರ ಬಂದಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಉಳಿದ ಮಾತು. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಕ್ಲಾಂಪ್ ಬಿಚ್ಚಿ. ಅರ್ಥ್ ಕಡೆಯದನ್ನು, ಅಂದರೆ ಗಾಡಿಯ ಲೋಹದ ಮೈಗೆ (ಬಾಡಿ) ಹೋಗುವ ಕೇಬಲಿನದ್ದನ್ನು, ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಒರೆಸಿ, ಹೊಳೆಯುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಬಹಳ ಹಳೇ ಮಾಡೆಲ್ ಕೆಲವದರಲ್ಲಿ ಪ್ಲಸ್ಸೇ ಅರ್ಥ್ ಆಗಿರುತ್ತದೆ. ಕೇಬಲ್ ಎಲ್ಲಿಗೆ ಹೋಗಿದೆ ಅಂತ ಕಣ್ಣಾರೆ ನೋಡಿಯೇ ಕೈ ಹಾಕಿ.

ಈಗ ಜನ ಮಾಡದೇ ಬಿಡುವ ಪರೀಕ್ಷೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಪೇಂಟಿನ ಮೇಲಲ್ಲ. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸ್ಟಾಪ್ ಹಿಡಿಕೆ ಎಳೆದಿಟ್ಟರೆ ಇಂಜಿನ್ ಹೊತ್ತಿಕೊಳ್ಳುವುದಿಲ್ಲ, ಸುಮ್ನೆ ತಿರುಗುತ್ತದೆ. ಸೀಟಿನ ಮೇಲಿರುವವರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿತೋ, ಅರ್ಥ್ ಕೆಟ್ಟಿದೆ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. ಇಷ್ಟು ಕರೆಂಟಿಗೆ ತುಕ್ಕು ಹಿಡಿದ ಒಂದು ಬೋಲ್ಟೇ ಸಾಕು, ದಾರಿ ಕಟ್ಟಿಹೋಗುತ್ತದೆ. ಲೈಟು ಚೆನ್ನಾಗಿ ಉರಿಯುತ್ತಿದೆ, ಹಾಗಾದರೆ ಅರ್ಥ್ ಸರಿ ಇದೆ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಪ್ಲಸ್ ಕಡೆಯೂ ಹೀಗೇ, ಬ್ಯಾಟರಿ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನ ತನಕ ಅಳೆಯಿರಿ.

ಎರಡೂ ಕಡೆ ಸರಿಯಿದ್ದು ಸೆಲ್ಫ್ "ಟಕ್" ಅಂತಲೂ ಅನ್ನದಿದ್ದರೆ ಕೀ ಸ್ವಿಚ್ ನೋಡಿ. ಆಮೇಲೆ ಕ್ಲಚ್ ಅಥವಾ ಗೇರ್ ಹತ್ತಿರದ ಸೇಫ್ಟಿ ಸ್ವಿಚ್ ನೋಡಿ. ಮಣ್ಣು, ಎಣ್ಣೆ ಮೆತ್ತಿಕೊಂಡು ಕೆಡುವುದು ಅದೇ. ಸ್ಕ್ರೂಡ್ರೈವರ್ ಇಟ್ಟು ಸೆಲ್ಫನ್ನು ನೇರ ಹೊಡೆಸುವ ಚಟ ಮಾತ್ರ ಬೇಡ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಹತ್ತುತ್ತದೆ, ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ.

ಚಾರ್ಜಿಂಗ್ ವಿಷಯ ಸುಲಭ. ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇದ್ದರೆ ಇಂಜಿನ್ ಚೆನ್ನಾಗಿ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಬರಬೇಕು. ಬರದಿದ್ದರೆ ಮೊದಲು ಬೆಲ್ಟು. ಆಮೇಲೆ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಬಲ್ಬು: ಕೀ ಹಾಕಿದಾಗ ಅದು ಹತ್ತದಿದ್ದರೆ ಬಲ್ಬು ಸುಟ್ಟಿರಬಹುದು. ತುಂಬಾ ಆಲ್ಟರ್ನೇಟರ್‌ಗಳು ಎಚ್ಚರಗೊಳ್ಳುವುದು ಆ ಬಲ್ಬಿನ ಕರೆಂಟಿನಿಂದಲೇ. ಪುಟ್ಟ ಬಲ್ಬಿಗಾಗಿ ಇಡೀ ಆಲ್ಟರ್ನೇಟರ್ ಬಿಚ್ಚಿಸಿದವರಿದ್ದಾರೆ, ಗೊತ್ತಾ? ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು ನೋಡುವ ಹಳೇ ಕ್ರಮ ಆಲ್ಟರ್ನೇಟರ್ ಬರುವ ಮೊದಲಿನ ಡೈನಮೋ ಕಾಲದ್ದು. ಆಲ್ಟರ್ನೇಟರಿಗೆ ಹಾಗೆ ಮಾಡಿದರೆ ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋಗಬಹುದು.

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣಕ್ ಅನ್ನುತ್ತದೆಯೇ? ಆ ಲೈಟಿನ ಅರ್ಥ್ ಬಿಟ್ಟಿದೆ. ಮಡ್‌ಗಾರ್ಡ್ ಕೂರಿಸುವ ಬೋಲ್ಟಿನ ಸುತ್ತ ಪೇಂಟು ಕೆರೆಯಿರಿ. ಫ್ಯೂಸ್ ಪದೇ ಪದೇ ಹೋದರೆ ವೈರು ಎಲ್ಲೋ ಸಿಪ್ಪೆ ಬಿಟ್ಟು ಬಾಡಿಗೆ ತಗುಲುತ್ತಿದೆ. ಇಲಿ ಕಡಿದ ಜಾಗ, ಇಂಜಿನ್ ಬಿಸಿಗೆ ಗಟ್ಟಿಯಾದ ಜಾಗ ಹುಡುಕಿ. ದೊಡ್ಡ ಫ್ಯೂಸ್ ಹಾಕಿ ಬಾಯಿ ಮುಚ್ಚಿಸಬೇಡಿ, ವೈರಿಂಗಿಗೇ ಬೆಂಕಿ ಹತ್ತುತ್ತದೆ.

ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ ಇಳಿದಿದ್ದರೆ ಹೀಗೆ ಮಾಡಿ. ಎಲ್ಲ ಆಫ್ ಮಾಡಿ, ಅರ್ಥ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಬ್ಯಾಟರಿ ಕಂಬಕ್ಕೂ ನಡುವೆ ಎರಡು ವೈರು ಕಟ್ಟಿದ ಸಣ್ಣ 12 ವೋಲ್ಟ್ ಬಲ್ಬು ಹಿಡಿಯಿರಿ. ಬಲ್ಬು ಹತ್ತಿದರೆ ಕರೆಂಟು ಸೋರುತ್ತಿದೆ. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಆರಿತೋ ಆ ದಾರಿಯಲ್ಲೇ ಕಳ್ಳ ಇದ್ದಾನೆ. ಎಲ್ಲ ಕಿತ್ತರೂ ಉರಿಯುತ್ತಿದ್ದರೆ ಆಲ್ಟರ್ನೇಟರಿನ ದಪ್ಪ ವೈರು ಬಿಚ್ಚಿ ನೋಡಿ. ಆಗ ಆರಿದರೆ ಒಳಗಿನ ಡಯೋಡ್ ಹೋಗಿದೆ, ಅದನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಡಿ.